ಡೇರೆ ಯಾರದು

ತೆಕ್ಬರ್ ತನ್ನ ಮನೆಯನ್ನು ತಲೆಯ ಮೇಲೆ ಹೊತ್ತು ಅಲೆದವಳು. ಇದು ಮಾತಿನ ಬೆಡಗಿಗೆ ಹೇಳಿದ್ದಲ್ಲ. ಮರುಭೂಮಿಯ ಅಂಚಿನ ಬೆಸ್ತರ ಹಳ್ಳಿ ತಿನ್ಮೇರಿನಲ್ಲಿ ಕಡಲು ಎರಡು ಮೂರು ವರ್ಷಕ್ಕೊಮ್ಮೆ ದಂಡೆಯನ್ನು ಕಚ್ಚುತ್ತಾ ಒಳಗೆ ಬರುತ್ತದೆ. ಆಗ ಹಲಗೆ, ತಗಡು, ಹಗ್ಗ, ಚಾಪೆ, ಮೀನೆಣ್ಣೆಯ ಡಬ್ಬ ಎಲ್ಲವನ್ನೂ ಬಿಚ್ಚಿ, ಹೊತ್ತು, ಇನ್ನಷ್ಟು ಹಿಂದೆ ಸರಿದು ಮತ್ತೆ ಹೂಡಬೇಕು. ಗಂಡಸರು ಆ ಹೊತ್ತಿಗೆ ಸರಿಯಾಗಿ ಕಡಲಲ್ಲಿರುತ್ತಾರೆ. ದಂಡೆಯಲ್ಲಿದ್ದರೂ ಕೈ ಹಚ್ಚುವುದಿಲ್ಲ, ಯಾಕೆಂದರೆ ಡೇರೆ ಹೆಂಗಸಿನದು. ಮದುವೆಯಲ್ಲಿ ತವರಿನವರು ಮಗಳಿಗೆ ಡೇರೆ ಕೊಡುತ್ತಾರೆ, ಗಂಡ ಬಂದು ಅದರೊಳಗೆ ಸೇರಿಕೊಳ್ಳುತ್ತಾನೆ, ಸರಿಬರದಿದ್ದರೆ ತನ್ನ ಚಹಾದ ಕೆಟಲು ಎತ್ತಿಕೊಂಡು ಹೊರಗೆ ನಡೆಯುತ್ತಾನೆ. ಬಟ್ಟೆಯ ಡೇರೆ ಹೋಗಿ ಹಲಗೆ ತಗಡಿನ ಗುಡಿಸಲು ಬಂದರೂ ಹೆಸರು ಡೇರೆಯೇ, ಕಟ್ಟಳೆಯೂ ಅದೇ. ಎಷ್ಟರ ಮಟ್ಟಿಗೆ ಎಂದರೆ ಆ ಸೀಮೆಯಲ್ಲಿ ಹೆಂಡತಿಯನ್ನೇ ಡೇರೆ ಅನ್ನುತ್ತಾರೆ. ‘ನನ್ನ ಡೇರೆಗೆ ನಿನ್ನೆಯಿಂದ ಜ್ವರ’ ಎಂದು ಗಂಡಸು ಹೇಳಿದರೆ ಯಾರೂ ನಗುವುದಿಲ್ಲ, ‘ಅಯ್ಯೋ ಪಾಪ, ಏನಾದರೂ ತಿಂದಳಾ’ ಎಂದು ಕೇಳುತ್ತಾರೆ.

ತೆಕ್ಬರಳಿಗೆ ಬೇಕಿದ್ದದ್ದು ಒಂದೇ, ಕದಲದ ಮನೆ. ಅನ್ನದಲ್ಲಿ ಮರಳು ಬೀಳದ, ಅಲೆ ಬಂದಿತೆಂದು ರಾತ್ರೋರಾತ್ರಿ ಬಿಚ್ಚಬೇಕಾಗದ ನಾಲ್ಕು ಗೋಡೆ. ಮೊದಲು ಅವಳು ಇಷ್ಟನ್ನೂ ಕೇಳಿರಲಿಲ್ಲ. ಮೀನು ಒಣಗಿಸುವ ಕಡೆ ಒಂದು ಚಾಪೆಯಗಲದ ಸಿಮೆಂಟು ನೆಲ ಹಾಕಿಕೊಳ್ಳುತ್ತೇನೆ ಎಂದು ಕೇಳಿದ್ದಳು. ತಿನ್ಮೇರು ಇರುವುದು ರಕ್ಷಿತ ಉದ್ಯಾನದೊಳಗೆ. ಚಳಿಗಾಲ ಬಂದರೆ ಲಕ್ಷಗಟ್ಟಲೆ ಹಕ್ಕಿ ಬಂದು ಅಲ್ಲಿಯ ಕೆಸರಿನಲ್ಲಿ ಇಳಿಯುತ್ತವೆ. ದೋಣಿಗೆ ಯಂತ್ರ ಹಾಕಬಾರದು, ಹಾಯಿಯೇ ಆಗಬೇಕು; ನೆಲಕ್ಕೆ ಸಿಮೆಂಟು ಹಾಕಬಾರದು, ಮರಳೇ ಆಗಬೇಕು. ಕಾವಲಿನವನು ಬಂದು ತಲೆಯಾಡಿಸಿದ.

“ಆಗೋದಿಲ್ಲ ತೆಕ್ಬರ್. ಇದು ಹಕ್ಕಿಗಳ ಜಾಗ.”

“ಹಕ್ಕಿಗಳೇನು ಪಟ್ಟಾ ಮಾಡಿಸ್ಕೊಂಡಿದಾವಾ?”

“ಅವು ಎಲ್ಲಿಂದಲೋ ಸೈಬೀರಿಯಾದಿಂದ ಬರ್ತಾವೆ. ಆರು ತಿಂಗಳು ಇದ್ದು ಹೋಗ್ತಾವೆ.”

“ನಾನು ಹುಟ್ಟಿದಾಗಿಂದ ಇಲ್ಲೇ ಬಿದ್ದಿದೀನಲ್ಲ, ಅದೇ ತಪ್ಪಾಯ್ತು ನೋಡು. ನಾನೂ ವರ್ಷಕ್ಕೊಂದ್ಸಲ ಸೈಬೀರಿಯಾಕ್ಕೆ ಹೋಗಿ ಬಂದಿದ್ರೆ ನಂಗೂ ದುರ್ಬೀನು ಹಿಡ್ಕೊಂಡು ನೋಡೋರು ಇರ್ತಿದ್ರು.”

ಕಾವಲಿನವನು ನಕ್ಕ, ಚಹಾ ಕುಡಿದ, ಹೋದ. ಅವನದೇನೂ ತಪ್ಪಿಲ್ಲ. ಈ ಕಥೆಯಲ್ಲಿ ಯಾರದೂ ತಪ್ಪಿಲ್ಲ, ಅದೇ ದೊಡ್ಡ ಕಿರಿಕಿರಿ. ಬೈಯೋಣವೆಂದರೆ ಒಬ್ಬ ಸರಿಯಾದ ಕೆಟ್ಟವನೂ ಕೈಗೆ ಸಿಗುವುದಿಲ್ಲ.

ಆಮೇಲೆ ಹೊಸ ಊರಿನ ಸುದ್ದಿ ಬಂತು. ಉದ್ಯಾನದ ಗಡಿಯಿಂದಾಚೆ, ಎರಡು ಪಟ್ಟಣಗಳ ನಡುವಿನ ಹೆದ್ದಾರಿಯ ಪಕ್ಕ, ಒಂದು ಗಿಡವೂ ಇಲ್ಲದ ಬಯಲಿನಲ್ಲಿ ಸರ್ಕಾರ ಒಂದು ಊರನ್ನೇ ಕಟ್ಟುತ್ತದಂತೆ. ಕಡಲಿಗೂ ಹಕ್ಕಿಗಳಿಗೂ ಜನರ ಭಾರ ತಪ್ಪಲಿ, ಜನರಿಗೂ ಶಾಲೆ, ನೀರು, ಆಸ್ಪತ್ರೆ ಸಿಗಲಿ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ. ಊರು ಹುಟ್ಟುವ ಮೊದಲೇ ದೀಪದ ಕಂಬಗಳು ಹುಟ್ಟಿದವು. ತಿಂಗಳುಗಟ್ಟಲೆ ಆ ದೀಪಗಳು ಯಾರೂ ಇಲ್ಲದ ಮರಳನ್ನು ಬೆಳಗಿದವು. ಯಾರಿಗೆ ಯಾವ ನಿವೇಶನ ಬೇಕೋ ಅಲ್ಲಿ ಡೇರೆ ಹೂಡಿ ಕೂತಿರಲಿ, ಸರ್ಕಾರದವನು ಬಂದು ಬರೆದುಕೊಳ್ಳುತ್ತಾನೆ ಎಂದು ಸಾರಿದರು.

ತೆಕ್ಬರ್ ಮೀನಿನ ಲಾರಿ ಹತ್ತಿ ಹೋದಳು. ತನ್ನ ಮದುವೆಯ ಹಳೆಯ ಬಟ್ಟೆ ಡೇರೆಯನ್ನು ಹೊತ್ತುಕೊಂಡೇ ಹೋಗಿ, ಮಸೀದಿ ಬರಲಿದೆ ಎಂದು ಕಲ್ಲು ನೆಟ್ಟಿದ್ದ ಜಾಗದ ಹತ್ತಿರ ಹೂಡಿ ಕೂತಳು. ಗಾಳಿಯೋ ಗಾಳಿ. ಮೂರನೆಯ ದಿನ ಅಳತೆಯವನು ಬಂದ. ದಕ್ಷಿಣದ ನದೀ ಸೀಮೆಯ, ಬೇರೆ ಮಾತಿನ ಫುಲಾನಿ ಹುಡುಗ, ಹಮ್ಮದಿ ಎಂದು ಹೆಸರು. ಅರಬಿಯನ್ನು ಶಾಲೆಯಲ್ಲಿ ಕಲಿತವನು, ಒಂದೊಂದು ಮಾತನ್ನೂ ಒರೆಸಿ ಇಟ್ಟ ಹಾಗೆ ಆಡುತ್ತಿದ್ದ. ದೂರದಲ್ಲೇ ನಿಂತು, ಮರ್ಯಾದೆಯಿಂದ ಕಣ್ಣು ಕೆಳಗೆ ಮಾಡಿ, ಡೇರೆಯ ಕಡೆ ಕೈ ತೋರಿಸಿ ಕೇಳಿದ.

“ಡೇರೆ ಯಾರದು?”

ತೆಕ್ಬರ್ ಮೆಲ್ಹಫಾದ ಸೆರಗನ್ನು ಮುಖಕ್ಕೆಳೆದುಕೊಂಡಳು. ಗುರುತಿಲ್ಲದ ಗಂಡಸು ಒಂಟಿ ಹೆಂಗಸನ್ನು ನೋಡಿ ಯಾರ ಡೇರೆ ಎಂದು ಕೇಳಿದರೆ ಅದಕ್ಕೆ ಒಂದೇ ಅರ್ಥ, ನೀನು ಯಾರ ಹೆಂಡತಿ. ಮಾನವಂತ ಹೆಂಗಸು ಅದಕ್ಕೆ ಕೊಡುವ ಉತ್ತರವೂ ಒಂದೇ.

“ಸ್ವೇಲಿಮ್‌ದು.”

ಹಮ್ಮದಿ ಬರೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತು ಅವಳಿಗೆ ಹೋದದ್ದು ಗೊತ್ತೂ ಆಗಲಿಲ್ಲ. ನಿವೇಶನದ ಮೂಲೆಗಲ್ಲಿನ ಮೇಲೆ ನೀಲಿ ಬಣ್ಣದಲ್ಲಿ ‘ಸ್ವೇಲಿಮ್‌ನ ಡೇರೆ’ ಎಂದು ಬರೆದರು. ಅಕ್ಷರ ಬಲ್ಲ ನೆರೆಯವಳು ಓದಿ ಹೇಳಿದಾಗ ತೆಕ್ಬರ್ ಸಂತೋಷಪಟ್ಟಳು. ಸ್ವೇಲಿಮ್‌ನ ಡೇರೆ ಎಂದರೆ ತಾನೇ ತಾನೆ?

ಅಲ್ಲಿಂದ ಮೂರು ಚಳಿಗಾಲ ಅವಳು ಮನೆ ಕಟ್ಟಿದಳು. ಅಜೌಲ್ ಮೀನು ತತ್ತಿ ತುಂಬಿಕೊಂಡು ದಂಡೆಗೆ ಬರುವ ದಿನಗಳಲ್ಲಿ ತಿನ್ಮೇರಿನಲ್ಲಿ ಕೂತು ಮೀನು ಸೀಳಿದಳು, ತತ್ತಿಯನ್ನು ಹರಿಯದ ಹಾಗೆ ತೆಗೆದು ಉಪ್ಪು ಹಾಕಿದಳು, ತಲೆಗಳನ್ನು ಬೇಯಿಸಿ ಎಣ್ಣೆ ಇಳಿಸಿದಳು. ಮೀನು ಮುಗಿದ ಮೇಲೆ ಹೊಸ ಊರಿಗೆ ಹೋಗಿ ಗೋಡೆ ಏರಿಸಿದಳು. ತತ್ತಿ ಮಾರಿದ ಹಣ ಇಟ್ಟಿಗೆಯಾಯಿತು, ಎಣ್ಣೆ ಮಾರಿದ್ದು ಸಿಮೆಂಟಾಯಿತು. ಅಷ್ಟರಲ್ಲಿ ಆ ಬಯಲಿನ ಆಚೆ ಚಿನ್ನ ಸಿಕ್ಕಿತೆಂದು ದೇಶದ ಗಂಡಸರೆಲ್ಲ ಗುದ್ದಲಿ ಹಿಡಿದು ಬಂದಿಳಿದರು. ಹಕ್ಕಿಗಳಿಗೆ ನೆಮ್ಮದಿಯಿರಲಿ ಎಂದು ಕಟ್ಟಿದ ಊರಿನಲ್ಲಿ ಹಗಲೂ ರಾತ್ರಿ ಕಲ್ಲು ಅರೆಯುವ ಯಂತ್ರ ಕೂಗತೊಡಗಿತು. ನೀರಿನ ಬೆಲೆ ಏರಿತು, ಗಾರೆಯವನ ಕೂಲಿ ಏರಿತು. ತೆಕ್ಬರ್ ಹಲ್ಲು ಕಚ್ಚಿ ಕಟ್ಟಿದಳು.

ಗಂಡ ಸ್ವೇಲಿಮ್ ಒಂದು ಇಟ್ಟಿಗೆ ಎತ್ತಿದವನಲ್ಲ. ಅವನು ಒಳ್ಳೆಯ ಹಾಯಿಗಾರ. ಕೋಲಿನಿಂದ ನೀರು ಬಡಿದು ಹಂದಿಮೀನುಗಳನ್ನು, ಅಂದರೆ ಡಾಲ್ಫಿನ್‌ಗಳನ್ನು, ಕರೆದು ಅಜೌಲ್ ಹಿಂಡನ್ನು ಬಲೆಗೆ ಅಟ್ಟಿಸುವುದರಲ್ಲಿ ಎತ್ತಿದ ಕೈ. ಕೆಟ್ಟವನಲ್ಲ, ಹೊಡೆದವನಲ್ಲ. ಆದರೆ ಮನೆಯ ಮಾತೆತ್ತಿದರೆ ಮುಖ ಆಚೆ.

“ನೆಲಕ್ಕೆ ಅಂಟ್ಕೊಂಡಿರೋದು ಗೋರಿ ಒಂದೇ ಕಣೇ. ಅದಕ್ಕೆ ಯಾಕೆ ಇಷ್ಟು ಅವಸರ?”

“ನೀನು ಬರ್ಬೇಡ. ನಾನಿರ್ತೀನಿ.”

“ನಾನಂತೂ ಬರಲ್ಲಮ್ಮ. ಆ ಊರಲ್ಲೂ ಗಾಳಿ ಬೀಸುತ್ತೆ, ಆದ್ರೆ ಎಲ್ಲಿಗೂ ಕರ್ಕೊಂಡು ಹೋಗಲ್ಲ.”

ಮೂರನೆಯ ಚಳಿಗಾಲಕ್ಕೆ ಗೋಡೆ ಮುಗಿದು ಸೂರು ಮಾತ್ರ ಉಳಿಯಿತು. ತೆಕ್ಬರ್ ರಾಜಧಾನಿಯಿಂದ ಉದ್ದನೆಯ ಮರದ ತೊಲೆಗಳನ್ನು ತರಿಸಿದಳು. ಮೀನಿನ ಲಾರಿಯವನು ಅವನ್ನು ತಿನ್ಮೇರಿನಲ್ಲಿ ಇಳಿಸಿ, ವಾಪಸು ಹೋಗುವಾಗ ಹೊಸ ಊರಿಗೆ ಸಾಗಿಸುತ್ತೇನೆ ಎಂದ. ಗಾರೆಯವನಿಗೆ ಹೇಳಿಬರಲು ಅವಳು ಎರಡು ದಿನ ಹೋಗಿ ಬಂದಳು. ಬಂದು ನೋಡಿದರೆ ನಡುವಿನ ದೊಡ್ಡ ತೊಲೆ ಇಲ್ಲ. ಕೇಳಿದರೆ ಎಲ್ಲರೂ ಕಡಲ ಕಡೆ ನೋಡಿದರು. ಅವಳೂ ನೋಡಿದಳು. ಅಂಗಡಿಯವನು ಗುರುತಿಗೆಂದು ತೊಲೆಯ ತುದಿಗೆ ಕೆಂಪು ಬಣ್ಣ ಬಳಿದಿದ್ದ. ಸ್ವೇಲಿಮ್‌ನ ದೋಣಿ ಹಾಯಿ ಬಿಚ್ಚಿಕೊಂಡು ಹೋಗುತ್ತಿತ್ತು, ಹಾಯಿಯ ಮೇಲೆ ಆ ಕೆಂಪು ತುದಿ ಕಾಣುತ್ತಿತ್ತು. ತನ್ನ ಮನೆಯ ಸೂರು ಮೀನು ಹಿಡಿಯಲು ಹೋಗುವುದನ್ನು ಅವಳು ದಂಡೆಯಲ್ಲಿ ನಿಂತು ನೋಡಿದಳು.

ಸಂಜೆ ದೋಣಿ ಬಂತು.

“ಅದು ನನ್ನ ಮನೆ ತೊಲೆ.”

“ಹಾಯಿ ಕಂಬ ಮುರೀತು ಕಣೇ. ಅಜೌಲ್ ಬಂದ್ಬಿಟ್ಟಿದೆ. ನಿನ್ನ ಕಂಬ ಬರೋವರೆಗೂ ಕಾದಿರ್ತೀವಿ ಅಂತ ಮೀನು ಕೂತಿರುತ್ತಾ? ಸೂರಿಗೆ ಇನ್ನೊಂದು ತರ್ಸು.”

“ಮೂರು ವರ್ಷದಿಂದ ಒಂದು ಮೂಟೆ ಹೊರಲಿಲ್ಲ ನೀನು. ಹೊತ್ತಿದ್ದು ಇದೊಂದೇ. ಅದನ್ನೂ ಆಚೆ ಕಡೆಗೆ ಹೊತ್ತೆ.”

“ಹೋಗ್ಲಿ ಬಿಡೇ.”

“ಬಿಟ್ಟೆ. ಆ ಕಂಬದ ಜೊತೇಲೇ ಬಾಳ್ವೆ ಮಾಡು. ನಂಗೆ ತಲಾಖ್ ಕೊಡು.”

ಸ್ವೇಲಿಮ್ ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾಯಿತು. ಮರ್ಯಾದಸ್ಥ, ಎಳೆದಾಡಲಿಲ್ಲ. “ಆಯ್ತು, ಕೊಟ್ಟೆ” ಎಂದ. ಗುಡಿಸಲಿನೊಳಗೆ ಹೋಗಿ ಕೆಟಲು, ಎರಡು ಲೋಟ, ಕಂಬಳಿ ಎತ್ತಿಕೊಂಡು ತಮ್ಮನ ಮನೆಯ ಕಡೆ ನಡೆದ.

ತಿನ್ಮೇರಿನಲ್ಲಿ ತಲಾಖ್ ಎಂದರೆ ಸೂತಕವಲ್ಲ. ಗೆಳತಿ ಮಿನೇತು ಬಂದು ತೆಕ್ಬರಳ ಕೈಗೆ ಮದರಂಗಿ ಹಚ್ಚಿದಳು, ಹೆಂಗಸರು ತಪ್ಪಲೆ ಬಡಿದು ಹಾಡಿದರು. ಗಂಡನಿಲ್ಲದ ಡೇರೆ ಎಷ್ಟು ಅಗಲ ಎಂದು ಒಬ್ಬಳು ಪದ ಕಟ್ಟಿದಳು. ತೆಕ್ಬರಳೂ ನಕ್ಕಳು. ಮಾರನೆಯ ದಿನವೇ ಒಂದು ಒಳ್ಳೆಯ ಬೀಗ ಕೊಂಡು ಹೊಸ ಊರಿಗೆ ಹೋದಳು. ಬಾಗಿಲಿಗೆ ಬೀಗ ಹಾಕಬೇಕಾದರೂ ನಿವೇಶನದ ಕಚೇರಿಗೆ ಒಂದು ಮಾತು ತಿಳಿಸಿಬಿಡುವುದು ಒಳ್ಳೆಯದು ಎಂದು ಯಾರೋ ಅಂದದ್ದಕ್ಕೆ ಅಲ್ಲಿಗೆ ಹೋದಳು. ಹೋಗದೆ ಇದ್ದಿದ್ದರೆ ಇನ್ನೂ ಒಂದಷ್ಟು ದಿನ ಸುಖವಾಗಿರುತ್ತಿದ್ದಳು.

ಗುಮಾಸ್ತ ಒಳ್ಳೆಯವನೇ. ಕುರ್ಚಿ ಕೊಟ್ಟ, ನೀರು ಕೊಟ್ಟ.

“ಈ ಮನೆ ಸ್ವೇಲಿಮ್‌ದಲ್ವಾ ತಾಯಿ?”

“ಸ್ವೇಲಿಮ್‌ನ ಡೇರೆ. ಅಂದ್ರೆ ನಾನು. ಅಂದ್ರೆ ಮೊನ್ನೆವರೆಗೂ ನಾನು.”

“ಅಳತೆಯವನು ಡೇರೆ ಯಾರದು ಅಂತ ಕೇಳಿದ್ದಕ್ಕೆ ನೀವೇ ಸ್ವೇಲಿಮ್‌ದು ಅಂದ್ರಂತೆ.”

“ಯಾರ ಹೆಂಡ್ತಿ ಅಂತ ಕೇಳ್ದ ಅಂದ್ಕೊಂಡೆನಪ್ಪ. ಡೇರೆ ಯಾರದು ಅಂತ ಯಾವನಾದ್ರೂ ಕೇಳ್ತಾನಾ? ಹೆಂಗಸಿನದಲ್ದೆ ಡೇರೆ ಇನ್ಯಾರದು?”

ಗುಮಾಸ್ತನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. “ನಂಗೆ ಗೊತ್ತಾಗುತ್ತೆ ತಾಯಿ, ನಮ್ಮಮ್ಮನೂ ಹಾಗೇ ಹೇಳಿರೋಳು. ಆದ್ರೆ ಆ ಹುಡುಗ ಡೇರೆ ಅಂದ್ರೆ ಡೇರೆ ಅಂತ ಬರ್ಕೊಂಡಿದಾನೆ. ಈಗ ಅದು ಮನೆ. ಮನೆ ಸ್ವೇಲಿಮ್‌ದು.”

“ಅವನೇ ಬಂದು, ಇದು ಅವಳದು ಅಂದ್ರೆ?”

“ಹತ್ತು ವರ್ಷ ಯಾರೂ ಯಾರಿಗೂ ಕೊಡೋ ಹಾಗಿಲ್ಲ. ಅವನು ಬಿಟ್ಟುಕೊಟ್ರೆ ಸರ್ಕಾರಕ್ಕೆ ವಾಪಸು. ರಾಜಧಾನಿ ವ್ಯಾಪಾರಿಗಳು ಬಂದು ನುಂಗಿಬಿಡ್ತಾರೆ ಅಂತ, ನಿಮ್ಮಂಥೋರ್ನ ಕಾಪಾಡೋಕೇ ಮಾಡಿರೋ ನಿಯಮ ಅದು.”

“ಕಾಪಾಡಿದ್ದು ಸಾಕು, ಬಿಟ್ಬಿಡ್ರಪ್ಪ.”

ಗುಮಾಸ್ತ ಇನ್ನೊಂದನ್ನೂ ಹೇಳಿದ. ಚಳಿಗಾಲ ಮುಗಿದ ಮೇಲೆ ತನಿಖೆಯವರು ಬರುತ್ತಾರೆ. ಸೂರು ಹಾಕಿದ ಮನೆಯಲ್ಲಿ ಯಜಮಾನ, ಅವನ ಸಂಸಾರ ಇರಬೇಕು. ಇಲ್ಲದಿದ್ದರೆ ಮನೆ ಬೇರೆಯವರಿಗೆ. ಚಿನ್ನ ಅಗೆಯುವವರು ಸಾಲುಗಟ್ಟಿ ಕಾಯುತ್ತಿದ್ದಾರೆ. ಆಮೇಲೆ ದನಿ ತಗ್ಗಿಸಿ, ತಾನು ಮಗನ ಸಮಾನ ಎಂದು ಮೊದಲೇ ಕ್ಷಮೆ ಕೇಳಿಕೊಂಡು ಅಂದ: “ತಲಾಖಿನ ಇದ್ದತ್ ಗಡುವು ಇನ್ನೂ ಮುಗಿದಿಲ್ಲ ತಾನೇ? ಮೂರು ತಿಂಗಳೊಳಗೆ ಅವನು ವಾಪಸು ತಗೊಂಡೆ ಅಂತ ಒಂದು ಮಾತು ಅಂದ್ರೆ ಮುಗೀತು. ಯಜಮಾನನ ಹೆಂಡ್ತಿಯನ್ನ ಯಾರೂ ಎಬ್ಬಿಸೋದಿಲ್ಲ.”

ತೆಕ್ಬರ್ ಕಚೇರಿಯಿಂದ ಹೊರಗೆ ಬಂದು ಆ ನೀಲಿ ಅಕ್ಷರದ ಕಲ್ಲನ್ನು ಕಾಲಿನಿಂದ ಒದ್ದಳು. ಕಾಲಿಗೇ ನೋವಾಯಿತು. ಮಣ್ಣು ಕಲಸಿದ್ದು ತಾನು, ನೀರಿಗೆ ಜಗಳವಾಡಿದ್ದು ತಾನು, ಗೋಡೆಯ ಒಂದೊಂದು ಇಟ್ಟಿಗೆಯೂ ಯಾವ ಮೀನಿನದು ಎಂದು ಬೇಕಾದರೆ ಹೇಳಬಲ್ಲವಳು ತಾನು. ಮರಳಿನ ಮೇಲೆ ಹೂಡಿದ ಹರಕು ಡೇರೆಗೆ ಒಡತಿಯಾಗಿದ್ದವಳು, ಗಟ್ಟಿ ಗೋಡೆ ಕಟ್ಟಿದ ಮೇಲೆ ಏನೂ ಅಲ್ಲದವಳಾದಳು. ಸಿಟ್ಟಿಗೆ ಅವಳಿಗೆ ಅಳು ಬಂತು, ಅಳುವುದಕ್ಕೂ ಆ ಊರಿನಲ್ಲಿ ಮರೆಯಿರಲಿಲ್ಲ.

ಸ್ವೇಲಿಮ್ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ. ಎಲ್ಲ ಕೇಳಿಸಿಕೊಂಡು ಕಣ್ಣರಳಿಸಿದ.

“ಆ ಮನೆ ನಂದಾ? ತಗೋಳೇ ಮಾರಾಯ್ತಿ. ನಂಗೆ ಗೋಡೆ ಕಟ್ಕೊಂಡು ಏನಾಗ್ಬೇಕು.”

“ನೀನು ಕೊಡೋ ಹಾಗಿಲ್ಲ, ನಾನು ತಗೊಳೋ ಹಾಗಿಲ್ಲ.”

“ಹಾಗಾದ್ರೆ?”

ಅವಳು ಕೈಯ ಮದರಂಗಿಯನ್ನು ಸೆರಗಿನಿಂದ ಉಜ್ಜತೊಡಗಿದಳು. ಅವನಿಗೇ ಹೊಳೆಯಿತು. ಹೊಳೆದ ಮೇಲೆ ನಗು ತಡೆಯಲಿಲ್ಲ, ಬಲೆ ಕೆಳಗಿಟ್ಟು ನಕ್ಕ.

“ನಗು, ನಗು,” ಎಂದಳು ತೆಕ್ಬರ್. “ಎರಡು ಮಾತು ಕೇಳು. ಆ ತೊಲೆ ವಾಪಸು ಕೊಡ್ಬೇಕು. ನೀನು ಆ ಮನೆ ಕಡೆ ತಲೆ ಹಾಕ್ಬಾರ್ದು.”

“ಆ ಊರಿಗೆ ನನ್ನ ಹೆಣಾನೂ ಬರಲ್ಲ ಕಣೇ,” ಎಂದ ಸ್ವೇಲಿಮ್. ಮನಸ್ಸಿನಿಂದಲೇ ಹೇಳಿದ. ಅಲ್ಲೇ ಬಲೆ ಎಳೆಯುತ್ತಿದ್ದ ಇಬ್ಬರನ್ನು ಕರೆದು, ತೆಕ್ಬರಳನ್ನು ವಾಪಸು ತೆಗೆದುಕೊಂಡೆ ಎಂದು ಹೇಳಿದ. ಅವರು ‘ಒಳ್ಳೇದಾಯ್ತು’ ಎಂದು ಮತ್ತೆ ಬಲೆಗೆ ಹೋದರು. ಅವನು ಕಂಬ ಬಿಚ್ಚಿ ಮರಳಿನ ಮೇಲೆ ಮಲಗಿಸಿದ. ಮಿನೇತು ಮಾತ್ರ ಬಿಡಲಿಲ್ಲ. “ಗಂಡನಿಗೋಸ್ಕರ ಮನೆ ಬಿಟ್ಟೋರ್ನ ನೋಡಿದೀನಿ,” ಎಂದಳು, “ಮನೆಗೋಸ್ಕರ ಗಂಡನ್ನ ತಗೊಂಡೋಳು ನೀನೊಬ್ಳೇ ಕಣೇ. ನನ್ನ ಮದರಂಗಿ ದಂಡ.” ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ತೆಕ್ಬರ್ ಎರಡನ್ನೂ ಒಂದೇ ಏಟಿಗೆ ನೋಡಬೇಕಾಯಿತು.

ಸೂರು ಏರಿತು. ಕೆಂಪು ತುದಿಯ ತೊಲೆ ನಡುವೆ ಬಂತು. ಮೊದಲ ಬೆಳಿಗ್ಗೆ ತೆಕ್ಬರ್ ಎದ್ದು ಗಂಜಿಯ ತಪ್ಪಲೆಯ ಮುಚ್ಚಳ ತೆಗೆದಳು, ಬೆರಳಾಡಿಸಿದಳು, ಒಂದು ಕಾಳು ಮರಳಿಲ್ಲ. ಹುಟ್ಟಿದಾಗಿನಿಂದ ಮರಳಿಲ್ಲದ ಗಂಜಿ ಅವಳು ಉಂಡದ್ದು ಅದೇ ಮೊದಲು. ನಿಧಾನವಾಗಿ ಉಂಡಳು. ಹೊರಗೆ ಗಾಳಿ ಗೋಡೆಗೆ ಬಡಿದು ವಾಪಸು ಹೋಗುತ್ತಿತ್ತು. ಕಲ್ಲಿನ ಯಂತ್ರದ ಕೂಗು ಕೂಡ ಆ ದಿನ ಅವಳಿಗೆ ಹಿತವಾಗಿ ಕೇಳಿಸಿತು.

ತನಿಖೆಯ ದಿನ ಯಜಮಾನ ಇರಲೇಬೇಕಲ್ಲ. ತೆಕ್ಬರಳೇ ಹೇಳಿಕಳಿಸಿದಳು. ಸ್ವೇಲಿಮ್ ಗೊಣಗುತ್ತಾ ಕೆಟಲು ಹಿಡಿದು ಬಂದ, ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ಕೂತ. ತನಿಖೆಯವರು ಬಂದು ಅವನ ಕೈ ಹಿಡಿದು ಕುಲುಕಿದರು. “ಗಟ್ಟಿ ಮನೆ ಕಟ್ಟಿದೀರಿ ಯಜಮಾನ್ರೇ,” ಎಂದರು. ಸ್ವೇಲಿಮ್, “ಅಲ್ಲಾಹನ ದಯೆ” ಎಂದ. ತೆಕ್ಬರ್ ಒಳಗೆ ನಿಂತು ಅದನ್ನು ಕೇಳಿಸಿಕೊಂಡಳು. ಅವರಿಗೆ ಚಹಾ ಆಯಿತು. ಚಹಾದ ವಾಸನೆಗೆ ಪಕ್ಕದ ಚಿನ್ನದ ಗಂಡಸರು ಬಂದರು. ಕಡಲನ್ನೇ ಕಾಣದ ಜನ, ಸ್ವೇಲಿಮ್ ಹಂದಿಮೀನಿನ ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳಿದರು. ತಿನ್ಮೇರಿನಲ್ಲಿ ಆ ಕಥೆಯನ್ನು ಯಾರೂ ಕೇಳುವುದಿಲ್ಲ, ಎಲ್ಲರ ಹತ್ತಿರವೂ ಅದೇ ಕಥೆಯಿದೆ. ಮೂರು ಲೋಟವಾದ ಮೇಲೂ ಅವನು ಏಳಲಿಲ್ಲ. ಮಾರನೆಯ ದಿನವೂ ಏಳಲಿಲ್ಲ.

“ದೋಣಿ ಕಾಯ್ತಿರುತ್ತೆ,” ಎಂದಳು ತೆಕ್ಬರ್ ವಾರ ನೋಡಿ.

“ಕಂಬ ಇಲ್ದೆ ದೋಣಿ ಏನು ಮಾಡ್ಲಿ?” ಅವನು ಮೇಲೆ ನೋಡಿದ. “ನನ್ನ ಕಂಬ ಅಲ್ಲಿ ಮಲ್ಗಿದೆ. ಕಂಬ ಎಲ್ಲೋ ನಾನಲ್ಲೇ.”

“ಇನ್ನೊಂದು ತರ್ಸು.”

“ಈ ಸಲದ ಮೀನು ಮುಗಿಯೋಕೆ ಬಂತು. ನೋಡೋಣ ಇರು.”

ಅವನು ನೋಡುತ್ತಾ ಉಳಿದ. ಕೆಟ್ಟ ಮಾತಾಡಲಿಲ್ಲ, ಜಗಳ ತೆಗೆಯಲಿಲ್ಲ, ಬೈಯಲು ಒಂದು ಕಾರಣವನ್ನೂ ಕೊಡಲಿಲ್ಲ. ಎಬ್ಬಿಸೋಣವೆಂದರೆ ಮನೆ ಅವನದು. ಬಿಡೋಣವೆಂದರೆ ಮನೆ ತನ್ನದು. ಮತ್ತೆ ತಲಾಖ್ ಕೇಳುವ ಹಾಗೂ ಇಲ್ಲ. ಬೀದಿಯವರು ಅದನ್ನು ಸ್ವೇಲಿಮ್‌ನ ಮನೆ ಎಂದರು, ನೀರಿನ ಗಾಡಿಯವನೂ ಹಾಗೇ ಅಂದ. ಅಷ್ಟರಲ್ಲಿ ಚಿನ್ನದವರ ನಡುವೆ ಕಳ್ಳತನವಾಯಿತೆಂದು ಅವನು ಪೇಟೆಯಿಂದ ಒಂದು ಅಗಳಿ ತಂದು ಬಾಗಿಲಿಗೆ ಒಳಗಿನಿಂದ ಹಾಕಿಸಿದ. ಆ ಮನೆಗೆ ಅವನು ಮಾಡಿದ ಕೆಲಸ ಅದೊಂದೇ. ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಕೊನೆಯ ಅಜೌಲ್ ಬಂದಿದೆ ಎಂದು ಮಿನೇತು ಹೇಳಿಕಳಿಸಿದಾಗ ತೆಕ್ಬರ್ ಒಬ್ಬಳೇ ತಿನ್ಮೇರಿಗೆ ಹೋದಳು. ಹಳೆಯ ಗುಡಿಸಲಿನಲ್ಲಿ ಇದ್ದು ಎಣ್ಣೆ ಇಳಿಸಿದಳು. ಹಕ್ಕಿಗಳು ಉತ್ತರಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದವು. ಕಾವಲಿನವನು ಮಾತನಾಡಿಸಿದ.

“ಹೊಸ ಮನೆ ಹೇಗಿದೆ ತೆಕ್ಬರ್?”

“ಮರಳಿಲ್ಲ,” ಎಂದಳು.

ಲಾರಿ ಅವಳನ್ನು ಹೊಸ ಊರಿನ ಹೆದ್ದಾರಿಯಲ್ಲಿ ಇಳಿಸಿದಾಗ ಸಂಜೆಯಾಗುತ್ತಿತ್ತು, ಗಾಳಿ ಎದ್ದಿತ್ತು. ತಲೆಯ ಮೇಲೆ ಎಣ್ಣೆಯ ಡಬ್ಬ, ಕಂಕುಳಲ್ಲಿ ಒಣಮೀನಿನ ಗಂಟು. ಮರಳು ಕಣ್ಣಿಗೆ, ಬಾಯಿಗೆ, ಕಿವಿಗೆ ಹೊಡೆಯುತ್ತಿತ್ತು. ಇನ್ನೇನು ಮನೆ ಬಂತು ಎಂದುಕೊಂಡೇ ಅಷ್ಟು ದೂರ ನಡೆದಳು. ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಒಳಗೆ ಲೋಟದಿಂದ ಲೋಟಕ್ಕೆ ಚಹಾ ಸುರಿಯುವ ಸದ್ದು ಕೇಳಿಸುತ್ತಿತ್ತು, ಯಾರೋ ನಗುತ್ತಿದ್ದರು. ಡೇರೆಗೆ ಬಾಗಿಲಿರುವುದಿಲ್ಲ, ಹೊರಗಿನಿಂದ ಕೆಮ್ಮಿದರೆ ಸಾಕು. ಅವಳು ಅಭ್ಯಾಸದ ಮೇಲೆ ಕೆಮ್ಮಿದಳು. ಗೋಡೆ ಗಟ್ಟಿಯಾಗಿ ಕಟ್ಟಿದ್ದು, ಯಾರಿಗೂ ಕೇಳಿಸಲಿಲ್ಲ. ಕೈಯಿಂದ ಬಡಿದಳು.

“ಯಾರದು?” ಎಂದ ಸ್ವೇಲಿಮ್ ಒಳಗಿನಿಂದ.

ಮೂರು ವರ್ಷದ ಹಿಂದೆ ಇದೇ ಮರಳಿನಲ್ಲಿ ನಿಂತು ಒಬ್ಬ ಹುಡುಗ ಇದನ್ನೇ ಕೇಳಿದ್ದ.

“ನನ್ನದು,” ಎಂದಳು.

“ಏನು? ಗಾಳಿ, ಕೇಳಿಸ್ತಿಲ್ಲ. ಯಾರದು?”

“ನನ್ನದು,” ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಬಾಯಿಗೆ ಮರಳು ತುಂಬಿತು. ಒಳಗೆ ಯಾರೋ, ಬಾಗಿಲು ತೆಗೀಬೇಡ, ಯಾವನೋ ಏನೋ, ಎಂದರು. ಸ್ವೇಲಿಮ್ ದನಿಯೇರಿಸಿ, “ಹೆಸರು ಹೇಳದೆ ತೆಗೆಯಲ್ಲ, ಯಾರದು?” ಎಂದು ಗದರಿದ. ಡಬ್ಬದ ಭಾರಕ್ಕೆ ಅವಳ ಕತ್ತು ನಡುಗುತ್ತಿತ್ತು. ಎಣ್ಣೆ ಚೆಲ್ಲಿದರೆ ಒಂದು ಚಳಿಗಾಲವೇ ಚೆಲ್ಲಿದ ಹಾಗೆ. ಅವಳು ಹಣೆಯನ್ನು ಬಾಗಿಲ ಹಲಗೆಗೆ ಒತ್ತಿದಳು.

“ನಾನು,” ಎಂದಳು. “ನಿನ್ನ ಡೇರೆ.”

ಅಗಳಿ ಸರಿಯಿತು.